ಎನ್‌ವಿಡಿಎ ಕೀಲಿ ಆಜ್ಞೆಗಳು: ದಿನಬಳಕೆಯ ಒಂದು ವಿಮರ್ಶೆ

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಎಂದೊಡನೆ ಹೆಚ್ಚಿನವರು ವಿಚಾರಿಸುವುದು ಅದರ ಧ್ವನಿಯ ಬಗ್ಗೆ: ಕೇಳಲು ಹಿತವಾಗಿದೆಯೇ, ಉಚ್ಚಾರಣೆ ಸರಿಯಿದೆಯೇ ಎಂದು. ದಿನವಿಡೀ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಅಂಧರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಆ ಧ್ವನಿಯನ್ನು ಎಲ್ಲಿ ತಡೆಯಬೇಕು, ಎಲ್ಲಿಗೆ ಜಿಗಿಸಬೇಕು, ಯಾವ ಸಾಲನ್ನು ಮತ್ತೊಮ್ಮೆ ಹೇಳಿಸಬೇಕು ಎಂಬ ಹಿಡಿತ ತಮ್ಮ ಬೆರಳುಗಳಲ್ಲಿದೆಯೇ? ಕಣ್ಣು ಕಾಣುವವರು ಪುಟದ ಮೇಲೆ ಒಮ್ಮೆ ದೃಷ್ಟಿ ಹಾಯಿಸಿ ಬೇಡದ್ದನ್ನು ಕ್ಷಣದಲ್ಲಿ ಬಿಟ್ಟುಬಿಡುತ್ತಾರೆ. ಕಿವಿಗೆ ಆ ಸೌಕರ್ಯವಿಲ್ಲ. ಮಾತು ಒಂದಾದ ಮೇಲೊಂದರಂತೆ ಬರುತ್ತದೆ, ಬಂದ ಕ್ರಮದಲ್ಲೇ ಕೇಳಬೇಕಾಗುತ್ತದೆ. ಈ ಕೊರತೆಯನ್ನು ತುಂಬಬೇಕಾದದ್ದು ಕೀಲಿ ಆಜ್ಞೆಗಳು. ಬೇಕಾದ ಜಾಗಕ್ಕೆ ಎಷ್ಟು ಕೀಲಿಗಳಲ್ಲಿ ತಲುಪಬಹುದು, ದಾರಿಯಲ್ಲಿ ಎಷ್ಟು ಅನಗತ್ಯ ಮಾತನ್ನು ಕೇಳಬೇಕಾಗುತ್ತದೆ ಎಂಬ ಎರಡೇ ಅಳತೆಗಳನ್ನು ಇಟ್ಟುಕೊಂಡು, ವಿಂಡೋಸ್‌ನಲ್ಲಿ ನಾನು ದಿನವೂ ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಎನ್‌ವಿಡಿಎಯ ಕೆಲಸ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾಯಿತು. ಅದನ್ನು ಬರೆಯಲು ತೊಡಗಿದ ಮೈಕೆಲ್ ಕರನ್ ಅವರೂ, ಬಳಿಕ ಅವರೊಡನೆ ಸೇರಿ ಎನ್‌ವಿ ಆಕ್ಸೆಸ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದ ಜೇಮ್ಸ್ ಟೆಹ್ ಅವರೂ ಸ್ವತಃ ಅಂಧರು. ತಂತ್ರಾಂಶ ಉಚಿತ, ಮೂಲಸಂಕೇತ ಮುಕ್ತ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿಯನ್ನು ಇಟ್ಟುಕೊಂಡರೆ, ಅನುಸ್ಥಾಪನೆ ಮಾಡದೆಯೇ ಬೇರೆಯವರ ಕಂಪ್ಯೂಟರಿನಲ್ಲಿಯೂ ಚಲಾಯಿಸಬಹುದು. ಇದಕ್ಕೆ ಬಹಳ ಮೊದಲೇ ಬಂದು ನೆಲೆಯೂರಿದ್ದ ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರನ್ನು ಬಳಸಿ ಬಂದವರಿಗೆ ಇಲ್ಲಿ ಪರಕೀಯತೆ ಕಾಡುವುದಿಲ್ಲ. ಇನ್ಸರ್ಟ್ ಕೀಲಿಯೊಡನೆ ಟಿ ಒತ್ತಿದರೆ ವಿಂಡೋದ ಶೀರ್ಷಿಕೆ, ಕೆಳಬಾಣ ಒತ್ತಿದರೆ ಅಲ್ಲಿಂದ ಕೊನೆಯವರೆಗಿನ ಓದು, ಜಾಲಪುಟದಲ್ಲಿ ಎಚ್ ಒತ್ತಿದರೆ ಮುಂದಿನ ತಲೆಬರಹ ಎಂಬ ರೂಢಿಗಳನ್ನು ಎನ್‌ವಿಡಿಎ ಹಾಗೆಯೇ ಉಳಿಸಿಕೊಂಡಿದೆ. ವರ್ಷಗಟ್ಟಲೆ ಬೆರಳುಗಳು ಕಲಿತದ್ದನ್ನು ವ್ಯರ್ಥ ಮಾಡದ ಈ ವಿವೇಕವನ್ನು ನಾನು ಬಹಳ ಗೌರವಿಸುತ್ತೇನೆ.

ಕಂಟ್ರೋಲ್, ಆಲ್ಟ್ ಮತ್ತು ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತಂತ್ರಾಂಶ ಶುರುವಾಗುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನ ಆಜ್ಞೆಗಳು ‘ಎನ್‌ವಿಡಿಎ ಕೀಲಿ’ ಎಂದು ಕರೆಯುವ ಒಂದು ಕೀಲಿಯ ಜೊತೆಗೂಡಿ ಬರುತ್ತವೆ. ಅದು ಸಾಮಾನ್ಯವಾಗಿ ಇನ್ಸರ್ಟ್. ಬೇಕೆಂದರೆ ಕ್ಯಾಪ್ಸ್ ಲಾಕ್ ಅನ್ನೂ ಆ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಆಜ್ಞೆಗಳು ಮೂರು. ಕಂಟ್ರೋಲ್ ಒತ್ತಿದರೆ ಮಾತು ನಿಲ್ಲುತ್ತದೆ. ಶಿಫ್ಟ್ ಒತ್ತಿದರೆ ಮಾತು ತಡೆದು, ಮತ್ತೆ ಒತ್ತಿದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಎನ್‌ವಿಡಿಎ ಕೀಲಿಯೊಡನೆ 1 ಒತ್ತಿದರೆ ಕೀಲಿ ಸಹಾಯ ತೆರೆದುಕೊಳ್ಳುತ್ತದೆ. ಆಗ ಯಾವ ಕೀಲಿಯನ್ನು ಒತ್ತಿದರೂ ಅದರ ಹೆಸರನ್ನೂ ಅದಕ್ಕೆ ಹೊಂದಿಸಿದ ಕೆಲಸವನ್ನೂ ಹೇಳುತ್ತದೆಯೇ ಹೊರತು ಆ ಕೆಲಸವನ್ನು ಮಾಡುವುದಿಲ್ಲ. ಏನೋ ಒತ್ತಿ ಏನೋ ಅಳಿಸಿಹೋದೀತೆಂಬ ಭಯವಿಲ್ಲದೆ ಇಡೀ ಕೀಲಿಮಣೆಯನ್ನು ತಡಕಿ ನೋಡುವ ಅವಕಾಶವಿದು. ತರಬೇತಿಯ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಅರ್ಧ ಸಾಲು. ನನ್ನ ಮಟ್ಟಿಗೆ ಮೊದಲ ಪಾಠವೆಲ್ಲ ಇದರಲ್ಲೇ ಕಳೆಯಬೇಕು.

ಎನ್‌ವಿಡಿಎಯ ನಿಜವಾದ ಬಲ ತಿಳಿಯುವುದು ಜಾಲಪುಟಗಳಲ್ಲಿ. ಪುಟ ತೆರೆದೊಡನೆ ಅದು ‘ಬ್ರೌಸ್ ಮೋಡ್’ ಎಂಬ ಓದುವ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅಕ್ಷರದ ಕೀಲಿಗಳು ಬರೆಯುವುದಿಲ್ಲ, ನಮ್ಮನ್ನು ಕರೆದೊಯ್ಯುತ್ತವೆ. ಎಚ್ ತಲೆಬರಹಕ್ಕೆ, ಕೆ ಕೊಂಡಿಗೆ, ಬಿ ಬಟನ್‌ಗೆ, ಇ ಬರೆಯುವ ಚೌಕಕ್ಕೆ, ಟಿ ಕೋಷ್ಟಕಕ್ಕೆ, ಎಲ್ ಪಟ್ಟಿಗೆ, ಡಿ ಪುಟದ ಮುಖ್ಯ ಭಾಗಗಳಿಗೆ. ಶಿಫ್ಟ್ ಸೇರಿಸಿದರೆ ಅದೇ ಅಕ್ಷರ ಹಿಂದಕ್ಕೆ ಒಯ್ಯುತ್ತದೆ. 1ರಿಂದ 6ರವರೆಗಿನ ಅಂಕಿಗಳು ಆಯಾ ಹಂತದ ತಲೆಬರಹವನ್ನೇ ಹುಡುಕುತ್ತವೆ. ಸುದ್ದಿಯ ಪುಟವೊಂದರಲ್ಲಿ ಮೇಲ್ಭಾಗದ ಮೆನು, ಜಾಹೀರಾತು, ಹಂಚಿಕೊಳ್ಳುವ ಕೊಂಡಿಗಳೆಲ್ಲ ಕಳೆದ ಮೇಲೆ ಸುದ್ದಿ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ಟ್ಯಾಬ್ ಒತ್ತುತ್ತಾ ಹೋದವರು ಅಷ್ಟೂ ಕೊಂಡಿಗಳ ಹೆಸರು ಕೇಳಬೇಕು. 1 ಒತ್ತಿದವರಿಗೆ ಶೀರ್ಷಿಕೆ ನೇರವಾಗಿ ಸಿಗುತ್ತದೆ, ಅಲ್ಲಿಂದ ಎನ್‌ವಿಡಿಎ ಕೀಲಿ ಮತ್ತು ಕೆಳಬಾಣ ಒತ್ತಿದರೆ ಓದು ಸಾಗುತ್ತದೆ. ನಡುವೆ ಉದ್ದನೆಯ ಪಟ್ಟಿಯೋ ಕೋಷ್ಟಕವೋ ಎದುರಾದರೆ ಅಲ್ಪವಿರಾಮದ ಕೀಲಿ ಅದರ ಕೊನೆಯನ್ನು ದಾಟಿಸುತ್ತದೆ. ಈ ಕೊನೆಯ ಆಜ್ಞೆ ಹಲವು ವರ್ಷ ಬಳಸಿದವರಿಗೂ ತಿಳಿದಿರುವುದಿಲ್ಲ. ತಿಳಿದ ಮೇಲೆ ಬಿಡುವುದಕ್ಕಾಗುವುದಿಲ್ಲ.

ಪುಟ ತೀರ ದೊಡ್ಡದಾಗಿದ್ದರೆ ಎನ್‌ವಿಡಿಎ ಕೀಲಿಯೊಡನೆ ಎಫ್7 ಒತ್ತುವುದು ಲೇಸು. ಪುಟದ ಎಲ್ಲ ಕೊಂಡಿಗಳು, ತಲೆಬರಹಗಳು ಅಥವಾ ಬಟನ್‌ಗಳು ಒಂದು ಪಟ್ಟಿಯಾಗಿ ತೆರೆದುಕೊಳ್ಳುತ್ತವೆ. ಅಲ್ಲಿರುವ ಶೋಧದ ಚೌಕದಲ್ಲಿ ಎರಡು ಮೂರು ಅಕ್ಷರ ಬರೆದರೆ ಸಾಕು, ಪಟ್ಟಿ ಕಿರಿದಾಗಿ ಬೇಕಾದದ್ದು ಮಾತ್ರ ಉಳಿಯುತ್ತದೆ.

ಫಾರ್ಮ್ ತುಂಬುವಾಗ ಮಾತ್ರ ಒಂದು ಎಚ್ಚರ ಬೇಕು. ಬರೆಯುವ ಚೌಕದ ಮೇಲೆ ಇ ಕೀಲಿಯಿಂದ ಬಂದು ನಿಂತಾಕ್ಷಣ ಬರೆಯಲು ತೊಡಗಿದರೆ ಹೆಸರಿನ ಬದಲು ಪುಟದ ತುಂಬ ಜಿಗಿದಾಟ ನಡೆಯುತ್ತದೆ, ಏಕೆಂದರೆ ಅಕ್ಷರಗಳು ಇನ್ನೂ ಆಜ್ಞೆಗಳಾಗಿಯೇ ಇರುತ್ತವೆ. ಎಂಟರ್ ಒತ್ತಿದಾಗ ಒಂದು ಸಣ್ಣ ಸದ್ದು ಕೇಳಿಸಿ ‘ಫೋಕಸ್ ಮೋಡ್’ ಎಂಬ ಬರೆಯುವ ಸ್ಥಿತಿ ಬರುತ್ತದೆ. ಟ್ಯಾಬ್ ಒತ್ತಿ ಚೌಕದೊಳಕ್ಕೆ ಬಂದರೆ ಈ ಬದಲಾವಣೆ ತಾನಾಗಿಯೇ ಆಗುತ್ತದೆ. ಬರೆದು ಮುಗಿದ ಮೇಲೆ ಎಸ್ಕೇಪ್ ಒತ್ತಿದರೆ ಬೇರೊಂದು ಸದ್ದಿನೊಡನೆ ಮತ್ತೆ ಓದುವ ಸ್ಥಿತಿ. ಆ ಎರಡು ಸದ್ದುಗಳ ವ್ಯತ್ಯಾಸ ಕಿವಿಗೆ ಕೂತ ದಿನದಿಂದ ಫಾರ್ಮ್ ತುಂಬುವ ಗೊಂದಲದಲ್ಲಿ ಮುಕ್ಕಾಲು ಪಾಲು ಕರಗುತ್ತದೆ ಎಂಬುದು ನಾನು ಕಲಿಸುವಾಗ ಮತ್ತೆ ಮತ್ತೆ ಕಂಡುಕೊಂಡ ವಿಷಯ. ಸ್ಥಿತಿಯನ್ನು ನಾವೇ ಬದಲಿಸಬೇಕಾದಾಗ ಎನ್‌ವಿಡಿಎ ಕೀಲಿ ಮತ್ತು ಸ್ಪೇಸ್‌ಬಾರ್ ಇದೆ. ತಮ್ಮದೇ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳನ್ನು ಇಟ್ಟುಕೊಂಡಿರುವ ಇಮೇಲ್ ತಾಣಗಳಲ್ಲಿ ಇದು ಅನಿವಾರ್ಯ. ಇಲ್ಲವಾದರೆ ತಾಣಕ್ಕೆಂದು ಒತ್ತಿದ ಅಕ್ಷರವನ್ನು ಸ್ಕ್ರೀನ್ ರೀಡರ್ ನಡುವೆಯೇ ಹಿಡಿದುಬಿಡುತ್ತದೆ.

ಕೋಷ್ಟಕಗಳನ್ನು ಓದಿಸುವ ರೀತಿ ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ. ಬ್ಯಾಂಕ್ ಖಾತೆಯ ವಿವರವನ್ನು ಜಾಲಪುಟದಲ್ಲಿ ತೆರೆದಿದ್ದೇವೆ ಎನ್ನೋಣ: ದಿನಾಂಕ, ವಿವರ, ಖರ್ಚು, ಜಮೆ, ಉಳಿಕೆ ಎಂಬ ಐದು ಕಂಬಸಾಲುಗಳು. ಮೇಲಿನಿಂದ ಕೆಳಕ್ಕೆ ಸುಮ್ಮನೆ ಓದಿಸಿದರೆ ಅಂಕಿಗಳ ಮಳೆ. ಯಾವುದು ಖರ್ಚು, ಯಾವುದು ಉಳಿಕೆ ಎಂದು ತಿಳಿಯದು. ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಲಬಾಣ ಒತ್ತುತ್ತಾ ಹೋದರೆ ಪ್ರತಿ ಮನೆಗೆ ಬಂದಾಗ ಮೊದಲು ಆ ಕಂಬಸಾಲಿನ ತಲೆಬರಹ, ನಂತರ ಅಂಕಿ ಕೇಳಿಸುತ್ತದೆ. ‘ಉಳಿಕೆ’ಯ ಕಂಬಸಾಲಿಗೆ ಬಂದ ಮೇಲೆ ಅದೇ ಎರಡು ಕೀಲಿಗಳೊಡನೆ ಕೆಳಬಾಣ ಒತ್ತಿದರೆ, ಕಂಬಸಾಲು ಬದಲಾಗದಿರುವುದರಿಂದ ತಲೆಬರಹವನ್ನು ಮತ್ತೆ ಹೇಳದೆ, ಸಾಲಿನ ಸಂಖ್ಯೆ ಮತ್ತು ಮೊತ್ತವನ್ನಷ್ಟೇ ಹೇಳುತ್ತಾ ಇಳಿಯುತ್ತದೆ. ಬದಲಾದದ್ದನ್ನು ಮಾತ್ರ ಹೇಳಬೇಕು, ಬದಲಾಗದ್ದನ್ನು ಬಿಡಬೇಕು ಎಂಬ ತೀರ್ಮಾನವನ್ನು ತೆಗೆದುಕೊಂಡವರು ಕಿವಿಯಿಂದ ಓದುವುದೆಂದರೇನು ಎಂಬುದನ್ನು ಬಲ್ಲವರು. ಪುಟವನ್ನು ರೂಪಿಸಿದವರು ತಲೆಬರಹದ ಮನೆಗಳನ್ನು ತಲೆಬರಹವೆಂದೇ ಗುರುತಿಸಿರಬೇಕು ಎಂಬ ಷರತ್ತು ಇದಕ್ಕಿದೆ.

ಒಂದೊಂದೇ ಅಕ್ಷರವನ್ನು ಪರೀಕ್ಷಿಸುವ ಕೆಲಸಕ್ಕೆ ನಂಬರ್ ಪ್ಯಾಡ್ ಇದೆ. 7, 8, 9 ಕೀಲಿಗಳು ಹಿಂದಿನ, ಈಗಿನ, ಮುಂದಿನ ಸಾಲಿಗೆ. 4, 5, 6 ಪದಗಳಿಗೆ. 1, 2, 3 ಅಕ್ಷರಗಳಿಗೆ. ಇಮೇಲ್ ವಿಳಾಸವನ್ನೋ ಖಾತೆಯ ಸಂಕೇತವನ್ನೋ ಬರೆದಾಗ ಎಂ ಮತ್ತು ಎನ್ ಅಕ್ಷರಗಳು ವೇಗದ ಧ್ವನಿಯಲ್ಲಿ ಒಂದೇ ಆಗಿ ಕೇಳಿಸುತ್ತವೆ. ಆಗ 2ನ್ನು ಬೇಗಬೇಗನೆ ಎರಡು ಸಲ ಒತ್ತಿದರೆ ‘ಮೈಕ್’ ಅಥವಾ ‘ನವೆಂಬರ್’ ಎಂದು ಬಿಡಿಸಿ ಹೇಳುತ್ತದೆ. 8ನ್ನು ಎರಡು ಸಲ ಒತ್ತಿದರೆ ಇಡೀ ಸಾಲನ್ನು ಅಕ್ಷರ ಅಕ್ಷರವಾಗಿ ಓದುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಈ ಪರೀಕ್ಷೆ ಇನ್ನಷ್ಟು ಅಗತ್ಯ. ನೋಟಕ್ಕೆ ಒಂದೇ ಅಕ್ಷರವಾದ ‘ಕ್ಷಿ’ ಕಂಪ್ಯೂಟರಿನ ಒಳಗೆ ನಾಲ್ಕು ಯೂನಿಕೋಡ್ ಸಂಕೇತಗಳ ಸರಣಿ. ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಹೋಗುವುದು ಗುಡಿಸು ಮಾತ್ರ. ಅಕ್ಷರ ಪೂರ್ತಿ ಅಳಿದಿದೆಯೆಂದು ಭಾವಿಸಿ ಮುಂದುವರಿದರೆ ಹಳೆಯ ಒತ್ತಕ್ಷರ ಹೊಸ ಪದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಎನ್‌ವಿಡಿಎ ಕೀಲಿಯೊಡನೆ 2 ಒತ್ತಿ ಬರೆದ ಅಕ್ಷರಗಳನ್ನು ಹೇಳುವುದನ್ನು ನಿಲ್ಲಿಸಿ, 3 ಒತ್ತಿ ಬರೆದ ಪದಗಳನ್ನು ಹೇಳುವುದನ್ನು ಚಾಲೂ ಮಾಡಿಟ್ಟುಕೊಳ್ಳುವುದು ನನ್ನ ಪದ್ಧತಿ. ಪದ ತಪ್ಪಾಗಿದ್ದರೆ ಕೇಳಿದ ತಕ್ಷಣ ಗೊತ್ತಾಗುತ್ತದೆ. ಎನ್‌ವಿಡಿಎಯ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿಯಲ್ಲಿ ಕನ್ನಡವೂ ಇದೆ. ಅದು ಮನುಷ್ಯರ ಧ್ವನಿಯಂತಿಲ್ಲ, ಆದರೆ ವೇಗವನ್ನು ಬಹಳ ಹೆಚ್ಚಿಸಿದರೂ ಅದರ ಪದಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ, ಕೆಲಸ ಮಾಡುವವರಿಗೆ ಬೇಕಾದ ಗುಣ ಅದೇ. ಎನ್‌ವಿಡಿಎ ಮತ್ತು ಕಂಟ್ರೋಲ್ ಹಿಡಿದು ಎಡಬಲ ಬಾಣಗಳಿಂದ ವೇಗ, ಧ್ವನಿ, ಸ್ಥಾಯಿ ಮುಂತಾದವುಗಳಲ್ಲಿ ಒಂದನ್ನು ಆರಿಸಿ, ಮೇಲೆ ಕೆಳಗಿನ ಬಾಣಗಳಿಂದ ಅದನ್ನು ಬದಲಿಸಬಹುದು; ಇದಕ್ಕಾಗಿ ಮಾಡುತ್ತಿರುವ ಕೆಲಸವನ್ನು ಬಿಟ್ಟು ಸೆಟ್ಟಿಂಗ್ಸ್‌ಗೆ ಹೋಗಬೇಕಿಲ್ಲ.

ಇನ್ನು ಕೊರತೆಗಳು. ನನ್ನ ದೊಡ್ಡ ತಕರಾರು ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಎಂಬ ಎರಡು ಕೀಲಿ ವಿನ್ಯಾಸಗಳ ಬಗ್ಗೆ. ನಂಬರ್ ಪ್ಯಾಡ್ ಇಲ್ಲದ ಕೀಲಿಮಣೆಗಳಿಗೆ ಬೇರೆ ವಿನ್ಯಾಸ ಬೇಕು ಎಂಬುದೇನೋ ನಿಜ. ಆದರೆ ಒಂದೇ ಜೋಡಿ ಕೀಲಿಗೆ ಎರಡು ಅರ್ಥವಿರುವುದು ಕಲಿಯುವವರನ್ನು ಕಂಗೆಡಿಸುತ್ತದೆ. ಎನ್‌ವಿಡಿಎ ಕೀಲಿ ಮತ್ತು ಕೆಳಬಾಣ ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಕೊನೆಯವರೆಗೆ ಓದಿಸಿದರೆ, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ನಂಬರ್ ಪ್ಯಾಡಿನ 9ರಂತೆ ಪರಿಶೀಲನೆಯ ಮುಂದಿನ ಸಾಲಿಗೆ ಒಯ್ಯುತ್ತದೆ. ಕೊನೆಯವರೆಗಿನ ಓದಿಗೆ ಅಲ್ಲಿ ಎ ಅಕ್ಷರ. ತರಗತಿಯಲ್ಲಿ ಪೂರ್ಣ ಕೀಲಿಮಣೆಯ ಮೇಲೆ ಕಲಿತು, ಮನೆಯಲ್ಲಿ ಲ್ಯಾಪ್‌ಟಾಪ್ ತೆರೆಯುವ ವಿದ್ಯಾರ್ಥಿಗೆ ಇದು ಮತ್ತೆ ಮೊದಲಿನಿಂದ ಶುರು ಮಾಡಿದಂತೆ. ಆರಂಭದಲ್ಲಿ ಬರುವ ಸ್ವಾಗತದ ಕಿಟಕಿಯಲ್ಲಿಯೇ ವಿನ್ಯಾಸವನ್ನು ಆರಿಸಲು ಕೇಳುತ್ತದೆಯಾದರೂ, ಆ ಆಯ್ಕೆಯಿಂದ ಏನೇನು ಬದಲಾಗುತ್ತದೆ ಎಂಬುದು ಹೊಸಬರಿಗೆ ಆ ಗಳಿಗೆಯಲ್ಲಿ ತಿಳಿಯುವುದಿಲ್ಲ.

ಎರಡನೆಯದು, ಆಬ್ಜೆಕ್ಟ್ ನ್ಯಾವಿಗೇಶನ್. ಟ್ಯಾಬ್‌ಗೆ ಸಿಗದ ಬಟನ್ ಅಥವಾ ಸಂದೇಶವನ್ನು ತಲುಪಲು, ಎನ್‌ವಿಡಿಎ ಕೀಲಿಯೊಡನೆ ನಂಬರ್ ಪ್ಯಾಡಿನ 8ರಿಂದ ಹೊರಗಿನ ಹಂತಕ್ಕೆ, 2ರಿಂದ ಒಳಗಿನ ಹಂತಕ್ಕೆ, 4 ಮತ್ತು 6ರಿಂದ ಅಕ್ಕಪಕ್ಕಕ್ಕೆ ಚಲಿಸಿ, ಕೊನೆಗೆ ನಂಬರ್ ಪ್ಯಾಡಿನ ಎಂಟರ್‌ನಿಂದ ಅದನ್ನು ಚಾಲೂ ಮಾಡುವ ವಿಧಾನವಿದು. ಬೇರೆ ದಾರಿಯೇ ಇಲ್ಲದಾಗ ಕೈಹಿಡಿಯುವುದೂ ಇದೇ. ಆದರೆ ಪರದೆಯ ಒಳರಚನೆಯನ್ನು ಎಂದೂ ಕಲ್ಪಿಸಿಕೊಳ್ಳದವರಿಗೆ ಇಲ್ಲಿ ದಿಕ್ಕು ತಪ್ಪುವುದು ಸುಲಭ, ಎಲ್ಲಿದ್ದೇವೆಂದು ತಿಳಿಯುವುದು ಕಷ್ಟ.

ಬೇರೆ ತಂತ್ರಾಂಶಗಳ ಶಾರ್ಟ್‌ಕಟ್‌ಗಳೊಡನೆ ಘರ್ಷಣೆಯೂ ಇದೆ. ಕೆಲವು ಹಳೆಯ ಗ್ರಾಫಿಕ್ಸ್ ಡ್ರೈವರ್‌ಗಳು ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿಗಳನ್ನು ಪರದೆಯನ್ನು ತಿರುಗಿಸಲು ಇಟ್ಟುಕೊಂಡಿರುತ್ತವೆ. ಕೋಷ್ಟಕವಿಲ್ಲದ ಬೇರೊಂದು ವಿಂಡೋದಲ್ಲಿ ಅದನ್ನು ಅಪ್ಪಿತಪ್ಪಿ ಒತ್ತಿದರೆ ಪರದೆ ತಲೆಕೆಳಗಾಗುತ್ತದೆ. ಸ್ಕ್ರೀನ್ ರೀಡರ್ ಎಂದಿನಂತೆ ಮಾತನಾಡುತ್ತಲೇ ಇರುವುದರಿಂದ ಕಣ್ಣು ಕಾಣುವವರು ಯಾರಾದರೂ ಹೇಳುವವರೆಗೆ ಬಳಕೆದಾರರಿಗೆ ಗೊತ್ತೇ ಆಗುವುದಿಲ್ಲ. ಡ್ರೈವರ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಶಾರ್ಟ್‌ಕಟ್‌ಗಳನ್ನು ಮೊದಲೇ ನಿಷ್ಕ್ರಿಯಗೊಳಿಸಿಡುವುದು ಒಳ್ಳೆಯದು. ಒಂದು ಕೀಲಿಯನ್ನು ಎನ್‌ವಿಡಿಎ ಹಿಡಿಯದೆ ನೇರವಾಗಿ ತಂತ್ರಾಂಶಕ್ಕೆ ಬಿಡಬೇಕಾದಾಗ ಎನ್‌ವಿಡಿಎ ಕೀಲಿ ಮತ್ತು ಎಫ್2 ಒತ್ತಿ, ಆಮೇಲೆ ಆ ಕೀಲಿಯನ್ನು ಒತ್ತಬೇಕು.

ತಂತ್ರಾಂಶದ ಮೇಲೆ ಹೊರಿಸಬಾರದ ದೋಷವೂ ಒಂದಿದೆ, ಹೊಸಬರು ಅದನ್ನು ಇದರದೇ ತಪ್ಪೆಂದು ತಿಳಿಯುವುದರಿಂದ ಹೇಳಬೇಕಾಗಿದೆ. ಎಷ್ಟೋ ತಾಣಗಳಲ್ಲಿ ಬಿ ಒತ್ತುತ್ತಾ ಹೋದರೆ ‘ಬಟನ್, ಬಟನ್, ಬಟನ್’ ಎಂದಷ್ಟೇ ಕೇಳಿಸುತ್ತದೆ. ಚಿತ್ರವನ್ನು ಮಾತ್ರ ಇಟ್ಟು ಹೆಸರನ್ನು ಬರೆಯದೆ ಬಿಟ್ಟವರು ಆ ಪುಟವನ್ನು ಕಟ್ಟಿದವರು. ದಪ್ಪಕ್ಷರದಲ್ಲಿ ಬರೆದು ತಲೆಬರಹವೆಂದು ಗುರುತಿಸದೆ ಬಿಟ್ಟ ಸಾಲನ್ನು ಎಚ್ ಕೀಲಿ ಹುಡುಕಿಕೊಡಲಾರದು. ಜಾಲತಾಣ ರೂಪಿಸುವವರು ತಮ್ಮ ಪುಟವನ್ನು ಮೌಸ್ ಮುಟ್ಟದೆ, ಪರದೆಯನ್ನು ಆಫ್ ಮಾಡಿ, ಈ ಉಚಿತ ತಂತ್ರಾಂಶದಿಂದ ಒಮ್ಮೆ ಓದಿಸಿ ನೋಡಿದರೆ ಇಂಥ ತಪ್ಪುಗಳು ಅಂದೇ ಸಿಕ್ಕಿಬೀಳುತ್ತವೆ. ಅವರು ಅಷ್ಟು ಮಾಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಇಷ್ಟೆಲ್ಲ ಆಜ್ಞೆಗಳನ್ನು ಒಟ್ಟಿಗೆ ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಯಾವ ಕೀಲಿ ವಿಂಡೋಸ್‌ಗೆ ಸೇರಿದ್ದು, ಯಾವುದು ಬ್ರೌಸರ್‌ಗೆ, ಯಾವುದು ಎನ್‌ವಿಡಿಎಗೆ ಎಂಬ ವಿಂಗಡಣೆ ಮೊದಲು ಮನಸ್ಸಿಗೆ ಬರಬೇಕು. ಆಲ್ಟ್ ಮತ್ತು ಟ್ಯಾಬ್‌ನಂಥವು ಸ್ಕ್ರೀನ್ ರೀಡರ್ ಇಲ್ಲದಿದ್ದರೂ ಕೆಲಸ ಮಾಡುತ್ತವೆ ಎಂಬುದು ಗೊತ್ತಿದ್ದರೆ ಕಂಪ್ಯೂಟರ್ ಬದಲಾದಾಗ ಅಂಜಿಕೆ ಇರುವುದಿಲ್ಲ. ಕೈಗೆ ಒಗ್ಗದ ಆಜ್ಞೆಯನ್ನು ಆದ್ಯತೆಗಳ ಮೆನುವಿನಲ್ಲಿರುವ ಇನ್‌ಪುಟ್ ಜೆಸ್ಚರ್ಸ್ ಎಂಬಲ್ಲಿ ಬೇರೆ ಕೀಲಿಗೆ ಹೊಂದಿಸಬಹುದು. ಮೇಲೆ ಹೇಳಿದ ಎರಡು ವಿನ್ಯಾಸಗಳ ತೊಡಕಿಗೆ ನಾನು ಕಂಡುಕೊಂಡ ಪರಿಹಾರವೂ ಇದೇ. ದೂರದಲ್ಲಿರುವವರಿಗೆ ಕಲಿಸುವುದಕ್ಕೆ 2025.1ನೇ ಆವೃತ್ತಿಯಿಂದ ರಿಮೋಟ್ ಆಕ್ಸೆಸ್ ಎನ್‌ವಿಡಿಎಯ ಒಳಗೇ ಬಂದಿದೆ. ಎರಡೂ ಕಡೆ ಎನ್‌ವಿಡಿಎ ಇದ್ದರೆ ಸಾಕು, ಕಲಿಯುವವರ ಕಂಪ್ಯೂಟರ್ ಹೇಳುತ್ತಿರುವುದು ಕಲಿಸುವವರಿಗೆ ತಮ್ಮದೇ ಕಂಪ್ಯೂಟರಿನ ಧ್ವನಿಯಲ್ಲಿ ಕೇಳಿಸುತ್ತದೆ, ಅವರು ಒತ್ತಿದ ಕೀಲಿ ಅಲ್ಲಿ ಕೆಲಸ ಮಾಡುತ್ತದೆ. ಹಿಂದೆ ಇದಕ್ಕಾಗಿ ಬೇರೆ ಆಡ್‌ಆನ್ ಹಾಕಿಕೊಳ್ಳಬೇಕಿತ್ತು. ಹೊಸಬರಿಗೆ ಆ ಮೊದಲ ಹೆಜ್ಜೆಯೇ ತೊಡಕಾಗುತ್ತಿತ್ತು.