ಇಟಗಿಯ ಮಹಾದೇವ ಗುಡಿ: ಶಿಖರಕ್ಕಿಂತ ಮೊದಲು ಕಂಬ ನೋಡಿ

ಕೊಪ್ಪಳ ಜಿಲ್ಲೆಯ ಇಟಗಿಗೆ ಬಂದವರು ಹೆಚ್ಚಾಗಿ ಮಾಡುವ ತಪ್ಪು ಒಂದೇ. ಮಟಮಟ ಮಧ್ಯಾಹ್ನ ಬಂದು, ಶಿಖರದ ಮುಂದೆ ನಾಲ್ಕು ಫೋಟೊ ಹೊಡೆದು, ಇಪ್ಪತ್ತು ನಿಮಿಷದಲ್ಲಿ ಗಾಡಿ ಹತ್ತುವುದು. ಈ ಗುಡಿಗೆ ಎರಡು ತಾಸಾದರೂ ಬೇಕು, ಅದೂ ಬೆಳಗಿನ ಎರಡು ತಾಸು.

ಗುಡಿ ಪೂರ್ವಾಭಿಮುಖವಾಗಿದೆ. ಸೂರ್ಯ ಏರುವ ಮೊದಲು ಹೋದರೆ ಎಳೆಬಿಸಿಲು ತೆರೆದ ಮಂಟಪದೊಳಗೆ ಅಡ್ಡಡ್ಡ ಬೀಳುತ್ತದೆ. ಹತ್ತು ಗಂಟೆ ದಾಟಿತೆಂದರೆ ಮಂಟಪದೊಳಗೆ ಬರೀ ನೆರಳು. ಗರ್ಭಗುಡಿಯ ಹಿಂಗೋಡೆಗೆ ಸಂಜೆಯ ಬಿಸಿಲೇ ಚೆಂದ. ಉತ್ತರದ ಗೋಡೆಯದು ಬೇರೆ ಲೆಕ್ಕ: ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಾತ್ರ ಈ ಭಾಗದಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲುತ್ತಾನೆ. ಚಳಿಗಾಲದಲ್ಲಿ ಆ ಗೋಡೆ ಇಡೀ ದಿನ ನೆರಳಲ್ಲೇ ಇರುತ್ತದೆ.

ಇದನ್ನು ಕಟ್ಟಿಸಿದವನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. 1112ರ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎನ್ನುತ್ತದೆ. ಮುಖ್ಯ ಗುಡಿಯ ಜೊತೆಗೆ ತಂದೆ ತಾಯಿಯ ಹೆಸರಲ್ಲಿ ಮೂರ್ತಿನಾರಾಯಣ, ಚಂದ್ರಲೇಶ್ವರಿ ಗುಡಿಗಳನ್ನೂ ಹದಿಮೂರು ಸಣ್ಣ ಲಿಂಗದ ಗುಡಿಗಳನ್ನೂ ಆತ ಕಟ್ಟಿಸಿದ್ದ. ಇವತ್ತು ಶಿಖರದ ನೆತ್ತಿ ಉಳಿದಿಲ್ಲ, ಸುತ್ತಲಿನ ಗುಡಿಗಳೂ ಸೊರಗಿವೆ. ಆದರೆ ಮಂಟಪದ ಅರವತ್ತಕ್ಕೂ ಹೆಚ್ಚು ಕಂಬಗಳನ್ನು ಕಂಡ ಮೇಲೆ ಶಾಸನದ ಆ ಮಾತು ಹೊಗಳಿಕೆ ಅನ್ನಿಸುವುದಿಲ್ಲ.

ಕಂಬಗಳ ಗುಟ್ಟು ಕಲ್ಲಿನಲ್ಲಿದೆ. ಇದಕ್ಕಿಂತ ಹಳೆಯ ಬಾದಾಮಿ ಚಾಲುಕ್ಯರ ಕಾಲದವರು ಬಳಸಿದ್ದು ದೊಡ್ಡ ದೊಡ್ಡ ಮರಳುಗಲ್ಲು. ತೆಳ್ಳಗೆ ಕೊರೆಯಲು ಹೋದರೆ ಅಂಚು ಉದುರುತ್ತದೆ. ಇಲ್ಲಿಯದು ಬಳಪದ ಕಲ್ಲು. ಮೆದು, ನುಣ್ಣಗಿನ ಕಣ. ಅದಕ್ಕೇ ಕಂಬವನ್ನು ತಿರುಗಣಿಗೆ ಹಾಕಿ, ತಿರುಗುವ ಕಲ್ಲಿಗೆ ಉಳಿ ಹಿಡಿದು ಕಡೆಯಲು ಸಾಧ್ಯವಾಯಿತು. ಕಂಬದ ಮೇಲ್ಭಾಗದ ಗುಂಡನೆಯ ಬಳೆಗಳನ್ನು ಹತ್ತಿರದಿಂದ ನೋಡಿ: ಒಂದರ ಕೆಳಗೊಂದು, ಅಂಚು ಚಾಕುವಿನ ಬಾಯಿಯಷ್ಟು ಚೂಪು. ಮೊಬೈಲ್ ಟಾರ್ಚನ್ನು ನೇರವಾಗಿ ಬಿಡಬೇಡಿ, ಗೆರೆ ಕಾಣಿಸದೆ ಕಲ್ಲು ಬೆಳ್ಳಗಾಗುತ್ತದೆ. ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಬಿಟ್ಟರೆ ಒಂದೊಂದು ಬಳೆಗೂ ನೆರಳು ಹುಟ್ಟುತ್ತದೆ. ಒಳಗಿನ ನವರಂಗ, ಅಂದರೆ ಗೋಡೆಯಿಂದ ಮುಚ್ಚಿದ ಮಂಟಪ, ಕತ್ತಲೆ. ಅಲ್ಲಿಯೂ ಇದೇ ಉಪಾಯ. ಮಂಟಪದ ಛಾವಣಿಯ ಬಳ್ಳಿ, ಮಕರಗಳನ್ನು ನಿಂತು ನೋಡಿದರೆ ಕತ್ತು ನೋಯುತ್ತದೆ, ನೆಲದ ಮೇಲೆ ಕುಳಿತುಬಿಡಿ. ಹೊರಗೋಡೆಯಲ್ಲಿ ಕಿರುಶಿಖರಗಳನ್ನು ಹುಡುಕಿ. ದಕ್ಷಿಣದ ದ್ರಾವಿಡ, ಉತ್ತರದ ನಾಗರ ಎರಡೂ ಮಾದರಿ ಸಿಗುತ್ತವೆ.

ಮೆದು ಕಲ್ಲಿಗೆ ಮನುಷ್ಯರ ಕೈಯೇ ದೊಡ್ಡ ಶತ್ರು. ಎಣ್ಣೆ, ಅರಿಷಿಣ, ಕುಂಕುಮ ಹಚ್ಚಿದರೆ ಜಿಡ್ಡಿಗೆ ಧೂಳು ಕೂತು ಸಣ್ಣ ಕೆತ್ತನೆ ಮುಚ್ಚಿಹೋಗುತ್ತದೆ. ಕೀಲಿಕೈಯಿಂದ ಗೀರಿದರೂ ಗುರುತು ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಮಕ್ಕಳನ್ನು ಕರೆತಂದವರು ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಕೊಪ್ಪಳ–ಗದಗ ಹೆದ್ದಾರಿಯಲ್ಲಿ ಬನ್ನಿಕೊಪ್ಪದ ಹತ್ತಿರ ಒಳಗೆ ತಿರುಗಬೇಕು. ಚಪ್ಪಲಿ ಬಿಟ್ಟು ನಡೆಯಬೇಕಾದ ಜಾಗ, ಬೇಸಿಗೆಯಲ್ಲಿ ಹಾಸುಗಲ್ಲು ಹಂಚಿನಂತೆ ಕಾಯುತ್ತದೆ. ದಪ್ಪ ಕಾಲುಚೀಲ ಇರಲಿ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಜೊತೆಗೇ ತನ್ನಿ. ಊಟ ತಿಂಡಿಗೆ 7 ಕಿಲೋಮೀಟರ್ ದೂರದ ಕುಕನೂರೇ ಗತಿ. ಅಲ್ಲಿ ಒಗ್ಗರಣಿ ಮಿರ್ಚಿ ತಿಂದು ನವಲಿಂಗ ಗುಡಿಗೆ ಹೋಗಿ. ರಾಷ್ಟ್ರಕೂಟರ ಕಾಲದ್ದು, ಇಟಗಿಗಿಂತ ಇನ್ನೂರು ವರ್ಷ ಹಿಂದಿನದು. ಇಟಗಿಯ ಕಂಬ ಕಣ್ಣಲ್ಲಿರುವಾಗಲೇ ಅಲ್ಲಿಯ ಕಂಬ ನೋಡಬೇಕು, ಆದ್ದರಿಂದ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ.