ಶೀಟಿನ ಮೇಲೆ ಮಳೆ, ಟಿವಿಯಲ್ಲಿ ಹಳೆ ಕುಸ್ತಿ: ನಾಲ್ಕು ದೇಶದ ಪಂದ್ಯಗಳನ್ನು ಸದ್ದಿಲ್ಲದೆ ನೋಡಿದ್ದು

ನಮ್ಮ ಮನೆ ಬ್ರಹ್ಮಾವರದಲ್ಲಿ. ತಾರಸಿ ಸೋರುತ್ತದೆಂದು ಮೇಲೆ ಶೀಟು ಹಾಕಿಸಿದ ವರ್ಷವೇ ಹಳೆಯ ಟಿವಿಯೂ ಅಲ್ಲಿಗೆ ಹೋಯಿತು, ಅದರ ಹಿಂದೆ ನಾನೂ. ಕೆಳಗೆ ಹಾಲಿನಲ್ಲಿ ಕುಸ್ತಿ ಹಾಕಿದರೆ ಹೆಂಡತಿ ರಿಮೋಟ್ ಕೇಳುವುದಿಲ್ಲ, ಕಿತ್ತುಕೊಳ್ಳುತ್ತಾಳೆ. ಮೇಲೆ ಆ ತಾಪತ್ರಯ ಇಲ್ಲ. ಅಲ್ಲಿನ ತಾಪತ್ರಯ ಬೇರೆ: ಆಟಿಯ ಮಳೆ ಶೀಟಿನ ಮೇಲೆ ಬೀಳಲು ಶುರುವಾದರೆ ವಾಲ್ಯೂಮ್ ಎಷ್ಟು ಏರಿಸಿದರೂ ಒಂದಕ್ಷರ ಕೇಳುವುದಿಲ್ಲ.

ಈ ಸಲ ಮಳೆಗಾಲಕ್ಕೆ ಸೋದರಮಾವ ನಮ್ಮಲ್ಲೇ ಇದ್ದರು. ಕೋಟದ ಕಡೆಯವರು, ನಲವತ್ತು ವರ್ಷ ಬಡಗುತಿಟ್ಟಿನ ಯಕ್ಷಗಾನ ಮೇಳಗಳಲ್ಲಿ ಮದ್ದಳೆ ಬಾರಿಸಿದವರು. ಪತ್ತನಾಜೆ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಅವರಿಗೆ ಸಂಜೆ ಹೊತ್ತು ಹೋಗುವುದಿಲ್ಲ. ಚಹಾ, ಹಲಸಿನ ಹಪ್ಪಳ ಹಿಡಿದು ಮೇಲೆ ಬಂದು ಕೂತರು. ಇಯರ್‌ಫೋನ್ ಕೊಟ್ಟೆ, ಬೇಡವೆಂದರು. ಅಷ್ಟು ವರ್ಷ ಚೆಂಡೆಯ ಪಕ್ಕದಲ್ಲಿ ಕೂತ ಕಿವಿ, ಇನ್ನು ಅದರೊಳಗೆ ಎಂತದೂ ತುರುಕಲಿಕ್ಕಿಲ್ಲವಂತೆ. ಹಾಗಾಗಿ ನಮ್ಮ ಹೋಲಿಕೆಗೆ ನಿಯಮ ಮಾಡಿಕೊಟ್ಟದ್ದು ಮಳೆ. ಪ್ರತಿ ಪಂದ್ಯವನ್ನು ಮೊದಲು ಇಬ್ಬರೂ ಸದ್ದಿಲ್ಲದೆ ನೋಡುವುದು, ಮಾವ ಮಲಗಿದ ಮೇಲೆ ನಾನೊಬ್ಬನೇ ಇಯರ್‌ಫೋನ್ ಹಾಕಿ ಇನ್ನೊಮ್ಮೆ ನೋಡುವುದು. ಸದ್ದು ತೆಗೆದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

"ಅದೆಲ್ಲ ಡ್ರಾಮಾ ಅಲ್ವಾ ಮಾರಾಯ" ಎನ್ನುವವರು ಮನೆಗೊಬ್ಬರಿದ್ದಾರೆ. ಹೌದು, ಸೋಲು ಗೆಲುವು ಮೊದಲೇ ತೀರ್ಮಾನವಾಗಿರುತ್ತದೆ. ಮಾವನಿಗೆ ಇದನ್ನು ವಿವರಿಸಬೇಕೆಂದು ಹೊರಟರೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ದುರ್ಯೋಧನನ ತೊಡೆ ಮುರಿಯುತ್ತದೆಂದು ಗೊತ್ತಿದ್ದೇ ಅಲ್ಲವೇ ಜನ ಬೆಳಗಿನವರೆಗೆ ಕೂರುವುದು.

ಮೊದಲು ಅಮೆರಿಕ. ನನ್ನ ಪ್ರಾಯದವರಿಗೆ ಕುಸ್ತಿ ಎಂದರೆ ಅದೇ: ತೊಂಬತ್ತರ ದಶಕದ ಕೇಬಲ್, ಶಾಲೆಯ ಜಗಲಿಯಲ್ಲಿ ಟ್ರಂಪ್ ಕಾರ್ಡು, ಎತ್ತರ ಎಷ್ಟು, ಎದೆ ಎಷ್ಟು. ಹಾಕಿದ್ದು 1987ರ ಮಾರ್ಚ್ 29ರ ಮೂರನೇ ರೆಸಲ್‌ಮೇನಿಯಾ, ಡಬ್ಲ್ಯುಡಬ್ಲ್ಯುಎಫ್ ಎಂಬ ಕುಸ್ತಿ ಕಂಪನಿಯ ವರ್ಷದ ದೊಡ್ಡ ಕೂಟ. ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಅಂದು 93,173 ಜನ ಇದ್ದರೆಂದು ಕಂಪನಿಯ ಲೆಕ್ಕ. ಅದು ಉಬ್ಬಿಸಿದ ಸಂಖ್ಯೆ ಎನ್ನುವವರೂ ಇದ್ದಾರೆ. ಮುಖ್ಯ ಪಂದ್ಯ ಹಲ್ಕ್ ಹೋಗನ್ ಮತ್ತು ಆಂದ್ರೆ ದಿ ಜೈಂಟ್ ನಡುವೆ. ಆಂದ್ರೆಯ ತೂಕ 520 ಪೌಂಡ್ ಎಂದು ಸಾರಿದ್ದರು, ಸುಮಾರು 236 ಕಿಲೋ. ಆ ಹೊತ್ತಿಗೆ ಅವನ ಬೆನ್ನು ಹೋಗಿತ್ತು, ಸರಿಯಾಗಿ ತಿರುಗಲಿಕ್ಕೂ ಆಗುತ್ತಿರಲಿಲ್ಲ. ಕುಸ್ತಿಯಾಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಆದರೂ ಸದ್ದಿಲ್ಲದೆಯೂ ಅದು ನಿಂತಿತು, ಯಾಕೆಂದರೆ ಅವನು ಬರುವುದೇ ಅರ್ಧ ಆಟ. ತೆರೆಯ ಹಿಂದಿನಿಂದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಒಮ್ಮೆ ಮುಖ ತೋರಿಸಿದರೆ ಮತ್ತೆ ಅದು ಕುಣಿಯದಿದ್ದರೂ ನಡೆಯುತ್ತದೆ ಎಂದು ಮಾವನ ಅಭಿಪ್ರಾಯ.

ಅದೇ ದಿನದ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಪಂದ್ಯವನ್ನು ಎಲ್ಲರೂ ಹೊಗಳುತ್ತಾರೆ. 15 ನಿಮಿಷದೊಳಗೆ ಮುಗಿಯುತ್ತದೆ. ಸ್ಯಾವೇಜ್ ಅದನ್ನು ಹೆಜ್ಜೆ ಹೆಜ್ಜೆಯಾಗಿ ಮೊದಲೇ ಬರೆದಿಟ್ಟು, ಸ್ಟೀಮ್‌ಬೋಟ್‌ಗೆ ಬಾಯಿಪಾಠ ಮಾಡಿಸಿದ್ದನಂತೆ. ಮಳೆಯಲ್ಲಿ ನೋಡುವಾಗ ಅದು ಎದ್ದು ಕಾಣುತ್ತದೆ. ಒಂದು ಪಟ್ಟು ಮುಗಿಯುವ ಮೊದಲೇ ಕಾಲು ಮುಂದಿನದರ ಜಾಗಕ್ಕೆ ಹೊರಟಿರುತ್ತದೆ. ಮಾವ ಐದನೇ ನಿಮಿಷಕ್ಕೇ ಹೇಳಿದರು, "ಇದ್ ಬಾಯಿಪಾಠ ಮಾಣಿ." ನಾನಿನ್ನೂ ಅವರಿಗೆ ಹಿನ್ನೆಲೆ ಹೇಳಿರಲಿಲ್ಲ. ರಾತ್ರಿ ಸದ್ದಿಟ್ಟು ನೋಡಿದೆ, ಆ ಜನದ ಅಬ್ಬರದಲ್ಲಿ ಬಾಯಿಪಾಠ ಗೊತ್ತಾಗುವುದೇ ಇಲ್ಲ, ಕೂದಲು ನಿಮಿರುತ್ತದೆ. ಅಂದರೆ ಈ ಪಂದ್ಯಕ್ಕೆ ಹಿಮ್ಮೇಳ ಬೇಕೇ ಬೇಕು. ಅಮೆರಿಕದ್ದೇ ಬೇಕು, ಆದರೆ ಬಾಯಿಪಾಠ ಬೇಡ ಎನ್ನುವವರು ಅದೇ ಸ್ಟೀಮ್‌ಬೋಟ್ 1989ರಲ್ಲಿ ರಿಕ್ ಫ್ಲೇರ್ ಜೊತೆ ಆಡಿದ ಮೂರು ಪಂದ್ಯ ನೋಡಿ. ಏಪ್ರಿಲ್ 2ರ ನ್ಯೂ ಆರ್ಲಿಯನ್ಸ್‌ನದ್ದು ಒಂದು ತಾಸಿಗೆ ಐದೇ ನಿಮಿಷ ಕಡಿಮೆ. ನಮಗೆ ಅದರ ನಡುವೆ ಎರಡು ಸಲ ಕರೆಂಟು ಹೋಯಿತು, ಮೂರನೇ ಸಲಕ್ಕೆ ಕೈಬಿಟ್ಟೆವು.

ಮೆಕ್ಸಿಕೋ ಮಳೆಗಾಲಕ್ಕೆ ಹೇಳಿದ್ದಲ್ಲ. ಲೂಚಾ ಲಿಬ್ರೆ ಎಂಬ ಅಲ್ಲಿನ ಕುಸ್ತಿ ನೋಡಲು ಕೂತವರಿಗೆ ಮೊದಲ ಹತ್ತು ನಿಮಿಷ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ. ಅಮೆರಿಕದವರು ಎದುರಾಳಿಯ ಎಡಗೈ, ಎಡಗಾಲು ಹಿಡಿದರೆ ಇವರು ಬಲದ್ದನ್ನು ಹಿಡಿಯುತ್ತಾರೆ. ಮೂರು ಸುತ್ತಿನಲ್ಲಿ ಎರಡು ಗೆಲ್ಲಬೇಕು, ಮೊದಲೆರಡು ಸುತ್ತು ಚಹಾ ಕುಡಿಯುವಷ್ಟರಲ್ಲಿ ಮುಗಿದಿರುತ್ತದೆ. ಹಾರುವುದು ಚಂದ ಉಂಟು, ಆದರೆ ಸದ್ದಿಲ್ಲದಾಗ ಅದು ಬರೀ ಹಾರಾಟ. ಮಾವನ ಕಣ್ಣು ಹಪ್ಪಳದ ತಟ್ಟೆಗೆ ಹೋಗತೊಡಗಿತು.

ಅವರನ್ನು ಹಿಡಿದು ನಿಲ್ಲಿಸಿದ್ದು ಪಂದ್ಯ ಅಲ್ಲ, ಮುಖವಾಡದ ಕಥೆ. ಎಲ್ ಸ್ಯಾಂಟೋ ಎಂಬ ಬೆಳ್ಳಿ ಮುಖವಾಡದವನು ಜೀವಮಾನವಿಡೀ ಮುಖ ತೋರಿಸಲಿಲ್ಲ. 1984ರಲ್ಲಿ, ಸಾಯುವ ಕೆಲವೇ ದಿನ ಮೊದಲು, ಒಂದು ಟಿವಿ ಕಾರ್ಯಕ್ರಮದಲ್ಲಿ ಅದನ್ನು ಸ್ವಲ್ಪ ಸರಿಸಿದ್ದ. ಅವನನ್ನು ಮಣ್ಣು ಮಾಡಿದ್ದೂ ಮುಖವಾಡದೊಂದಿಗೇ. ಅಲ್ಲಿ ದೊಡ್ಡ ಪಣ ಬೆಲ್ಟ್ ಅಲ್ಲ, ಮುಖವಾಡ, ಅದಿಲ್ಲದವನಾದರೆ ತಲೆಕೂದಲು. ಕಿರೀಟ ಬಿಚ್ಚುವುದಿದ್ದರೆ ಅದು ವೇಷ ಕಟ್ಟುವ ಚೌಕಿಯಲ್ಲಿ, ಜನರ ಎದುರಲ್ಲ ಎಂದು ಬೆಳೆದ ಮಾವನಿಗೆ ಇದು ಹೇಳದೆಯೇ ಅರ್ಥವಾಯಿತು. ಸ್ಯಾಂಟೋನ ಮಗ ಮತ್ತು ಒಕ್ಟಾಗೋನ್ ಒಂದು ಕಡೆ, ಎಡ್ಡಿ ಗೆರೆರೋ ಮತ್ತು ಆರ್ಟ್ ಬಾರ್ ಇನ್ನೊಂದು ಕಡೆ ನಿಂತ 1994ರ ನವೆಂಬರ್ 6ರ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ ನಡೆದರೂ ಅದರ ರಕ್ತ ಮೆಕ್ಸಿಕೋದ್ದು. ಮುಖವಾಡಕ್ಕೆ ಎದುರು ಕೂದಲು ಪಣ. ಎಡ್ಡಿ, ಬಾರ್ ಸೋತು ತಲೆ ಬೋಳಿಸಿಕೊಂಡರು. ಮೆಕ್ಸಿಕೋದಿಂದ ಒಂದೇ ಒಂದು ನೋಡುವುದಾದರೆ ಇದನ್ನು ನೋಡಿ, ಮಳೆ ಇಲ್ಲದ ದಿನ ನೋಡಿ.

ಬ್ರಿಟನ್ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇರಲಿಲ್ಲ. ಐಟಿವಿಯಲ್ಲಿ ಶನಿವಾರ ಸಂಜೆ ನಾಲ್ಕಕ್ಕೆ ಬರುತ್ತಿದ್ದ ಕುಸ್ತಿ ಅದು, ಟಿವಿಯಿಂದ 1988ರಲ್ಲಿ ಹೋಯಿತು. ಸಣ್ಣ ಊರಿನ ಹಾಲು, ಮಂದ ಬೆಳಕು, ಮುಂದಿನ ಸಾಲಿನಲ್ಲಿ ಕೈಚೀಲ ಹಿಡಿದ ಅಜ್ಜಿಯಂದಿರು. ಬಾಕ್ಸಿಂಗ್‌ನ ಹಾಗೆ ಸುತ್ತುಗಳು, ನಡುವೆ ವಿಶ್ರಾಂತಿ. ನಿಯಮ ಮುರಿದವನಿಗೆ ರೆಫ್ರಿ ಎಲ್ಲರೆದುರು ಎಚ್ಚರಿಕೆ ಕೊಡುತ್ತಾನೆ, ಮೂರನೆಯದಕ್ಕೆ ಔಟ್. ಬಿಗ್ ಡ್ಯಾಡಿ ಎಂಬ ದಪ್ಪ ಮನುಷ್ಯನ ಪಂದ್ಯಗಳನ್ನು ಬಿಟ್ಟುಬಿಡಿ. ಅವನ ಸಹೋದರನೇ ಪಂದ್ಯ ಏರ್ಪಡಿಸುವವನು, ಹಾಗಾಗಿ ಅವನು ಸೋಲುವುದಿಲ್ಲ. 1981ರಲ್ಲಿ ವೆಂಬ್ಲಿಯಲ್ಲಿ ಜೈಂಟ್ ಹೇಸ್ಟ್ಯಾಕ್ಸ್ ಜೊತೆಗಿನ ಮಹಾಯುದ್ಧ ಮೂರು ನಿಮಿಷವೂ ನಡೆಯಲಿಲ್ಲ.

ನೋಡಬೇಕಾದದ್ದು ಜಾನಿ ಸೇಂಟ್. ಸಣಕಲು ಆಳು, ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಕೊಡುವವನ ಹಾಗಿದ್ದಾನೆ. ಅವನದ್ದೊಂದು ಆಟ ಉಂಟು. ರಿಂಗಿನ ನಡುವೆ ಕೂತು, ಮೊಣಕಾಲು ಎದೆಗೆ ಒತ್ತಿ, ತಲೆ ಒಳಗೆ ಹಾಕಿ, ಮುಟ್ಟಿದ ಚೋರಟೆ ಹುಳದಂತೆ ಸುರುಳಿ ಸುತ್ತಿಕೊಳ್ಳುತ್ತಾನೆ. ಎದುರಾಳಿಗೆ ಎಲ್ಲಿ ಹಿಡಿಯುವುದೆಂದೇ ಗೊತ್ತಾಗುವುದಿಲ್ಲ. ಒಂದು ಸುತ್ತು ಬಂದು ನೋಡುತ್ತಾನೆ, ಬಗ್ಗಿ ಇಣುಕುತ್ತಾನೆ, ಬೆರಳಿನಲ್ಲಿ ತಿವಿಯುತ್ತಾನೆ. ಕೊನೆಗೆ ಹೊರಗೆ ಕಂಡ ಒಂದು ಕೈ ಹಿಡಿದು ಎಳೆಯುತ್ತಾನೆ. ಎಳೆದದ್ದೇ ತಡ, ಅವನೇ ಮಗುಚಿ ಬಿದ್ದಿರುತ್ತಾನೆ. ಮಾವ ಚಹಾದ ಲೋಟ ನೆಲಕ್ಕಿಟ್ಟು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಮೂರು ಸಲ ಹಿಂದೆ ತಿರುಗಿಸಿ ಹಾಕಿಸಿದರು.

ಮತ್ತೆ ಜಿಮ್ ಬ್ರೇಕ್ಸ್ ಬಂದ. ಅವನನ್ನು ಅಳುಬುರುಕ ಎಂದೇ ಜನ ಕರೆಯುತ್ತಿದ್ದದ್ದು. ತಾನು ಮೋಸ ಮಾಡಿ, ತನಗೇ ಅನ್ಯಾಯವಾಯಿತೆಂದು ಕಾಲು ಅಪ್ಪಳಿಸುತ್ತಾನೆ, ರೆಫ್ರಿಯ ಹತ್ತಿರ ದೂರು ಹೇಳುತ್ತಾನೆ. ಒಂದು ಮಾತೂ ಕೇಳದೆ ಎಲ್ಲವೂ ತಿಳಿಯುತ್ತದೆ. "ಅಂವ ಪೆಟ್ಟ್ ತಿಂಬುದ್ ಕಾಣ್" ಎಂದರು ಮಾವ. "ಹೊಡುದ್ ಯಾರಿಗೂ ಬತ್ತ್, ತಿಂಬುದ್ ಬರ್ಕ್." ಹೊಡೆಯಲು ಯಾರಿಗೂ ಬರುತ್ತದೆ, ತಿನ್ನಲು ಬರಬೇಕು. ರಾತ್ರಿ ಇಯರ್‌ಫೋನ್ ಹಾಕಿ ನೋಡಿದೆ, ಹೆಚ್ಚೇನೂ ಸಿಗಲಿಲ್ಲ. ಕೆಂಟ್ ವಾಲ್ಟನ್‌ನ ಕಾಮೆಂಟರಿ ತಣ್ಣಗೆ, ಹಿತವಾಗಿದೆ; ಇಲ್ಲದಿದ್ದರೂ ನಷ್ಟವಿಲ್ಲ. ಮಳೆಯ ಪರೀಕ್ಷೆಯಲ್ಲಿ ಬ್ರಿಟನ್ನಿನದ್ದೇ ಮೊದಲ ಸ್ಥಾನ. ತಾಳ ಅವರ ಮೈಯಲ್ಲೇ ಇದೆ.

ಜಪಾನಿಗೆ ಎರಡು ವಾರ ಹೋಯಿತು. ಮುಖ್ಯವಾಗಿ ಒಂದೇ ಪಂದ್ಯ: 1994ರ ಜೂನ್ 3, ಟೋಕಿಯೋದ ನಿಪ್ಪೋನ್ ಬುಡೋಕಾನ್, ಮಿಸಾವಾ ಮತ್ತು ಕವಾಡಾ. 35 ನಿಮಿಷ 50 ಸೆಕೆಂಡು. ಇಬ್ಬರೂ ಒಂದೇ ಹೈಸ್ಕೂಲಿನ ಕುಸ್ತಿ ತಂಡದವರು, ಕವಾಡಾ ಒಂದು ವರ್ಷ ಕಿರಿಯ. ಹಸಿರು ಪ್ಯಾಂಟಿನ ಮಿಸಾವಾನ ಮುಖದಲ್ಲಿ ಏನೂ ಕಾಣುವುದಿಲ್ಲ. ಕವಾಡಾನ ಮುಖದಲ್ಲಿ ಎಲ್ಲವೂ ಕಾಣುತ್ತದೆ, ಅಣ್ಣನನ್ನು ಒಮ್ಮೆಯಾದರೂ ಬೀಳಿಸಬೇಕೆಂಬ ಹಸಿವು. ಮೊಣಕೈ ಪೆಟ್ಟು ತಿಂದು ಅವನು ತಕ್ಷಣ ಬೀಳುವುದಿಲ್ಲ. ಮೊದಲು ಒಂದು ಮೊಣಕಾಲು ಸಡಿಲವಾಗುತ್ತದೆ, ಆಮೇಲೆ ಇನ್ನೊಂದು, ಕೈ ಹಗ್ಗಕ್ಕೆ ಹುಡುಕುತ್ತದೆ, ಸಿಗುವುದಿಲ್ಲ, ಆಗ ಬೀಳುತ್ತಾನೆ. ಮಳೆಯಲ್ಲಿಯೂ ಅದು ಕಂಡಿತು.

ಕಾಣದೆ ಹೋದದ್ದು ನಡುವಿನ ಹದಿನೈದು ನಿಮಿಷ. ಸದ್ದಿಲ್ಲದೆ ಅದು ನಿಧಾನ, ಬರೀ ಹೊಡೆದಾಟ. ಮಾವ ತೂಕಡಿಸಿದರು. ರಾತ್ರಿ ಇಯರ್‌ಫೋನಿನಲ್ಲಿ ಅದೇ ಭಾಗ ಬೇರೆಯೇ ಆಗಿತ್ತು. ಮೊಣಕೈ ತಾಗುವ ಸದ್ದು, ಪ್ರತಿ ಪೆಟ್ಟಿಗೆ ಜನರ ಒಂದು ಉಸಿರು, ಒಂದೊಂದು ಸಲಕ್ಕೂ ಅದು ಒಂದೊಂದು ಮೆಟ್ಟಿಲು ಏರುತ್ತದೆ. ಭಾಗವತರು ಏರುಪದ್ಯ ಎತ್ತಿಕೊಂಡ ಮೇಲೆ ಇಳಿಯಲಿಕ್ಕಿಲ್ಲವಲ್ಲ, ಹಾಗೆ. ಕೊನೆಗೆ ಮಿಸಾವಾ ಅಪರೂಪಕ್ಕೆ ಮಾತ್ರ ಹೊರತೆಗೆಯುತ್ತಿದ್ದ ಟೈಗರ್ ಡ್ರೈವರ್ '91 ಎಂಬ ಪಟ್ಟು ಹಾಕುತ್ತಾನೆ, ಕವಾಡಾ ಕುತ್ತಿಗೆಯ ಮೇಲೆ ಬೀಳುತ್ತಾನೆ. ಚಾಂಪಿಯನ್ ಬೆಲ್ಟ್ ಪಣವಿದ್ದ ಪಂದ್ಯದಲ್ಲಿ ಕವಾಡಾ ಅವನನ್ನು ಸೋಲಿಸಿದ್ದು 1998ರ ಮೇ 1ರಂದು.

ಪಂದ್ಯಕ್ಕೆ ಪಂದ್ಯ ಹೋಲಿಸಿದರೆ ಇದಕ್ಕಿಂತ ದೊಡ್ಡದು ನಾನು ನೋಡಿಲ್ಲ. ಆದರೆ ಮೊದಲಿನಷ್ಟು ಖುಷಿಯಿಂದ ನೋಡಲಾಗುವುದಿಲ್ಲ. ಮಿಸಾವಾ ತೀರಿಕೊಂಡದ್ದು 2009ರ ಜೂನ್ 13ರಂದು ಹಿರೋಶಿಮಾದಲ್ಲಿ, ರಿಂಗಿನಲ್ಲಿ ಬಿದ್ದ ಪೆಟ್ಟಿನಿಂದ, 46ನೇ ವಯಸ್ಸಿಗೆ. ವರ್ಷಗಟ್ಟಲೆ ಕುತ್ತಿಗೆಯ ಮೇಲೆ ಬಿದ್ದವನು. ಬ್ರಿಟನ್ನಿನವರು ಬೀಳದೆಯೇ ನಗಿಸಿದರು, ಇವರು ಬಿದ್ದು ಬಿದ್ದು ಎಬ್ಬಿಸಿದರು. ಇದನ್ನು ಹೇಳಿದಾಗ ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ರಂಗಸ್ಥಳದಲ್ಲೇ ಕುಸಿದವರು ನಮ್ಮಲ್ಲೂ ಇದ್ದಾರೆ.

ಭಾರತದ್ದು ಯಾಕಿಲ್ಲ ಎಂದು ಕೇಳಬಹುದು. ದಾರಾ ಸಿಂಗ್‌ನ ಪಂದ್ಯಗಳದ್ದು ನನಗೆ ಸಿಕ್ಕಿದ್ದು ತುಣುಕುಗಳಷ್ಟೇ, ತುಣುಕು ಇಟ್ಟುಕೊಂಡು ಹೋಲಿಸುವುದು ಸರಿಯಲ್ಲ. ಮಾವನಿಗಂತೂ ಅವನು ಈಗಲೂ ಭಾನುವಾರ ಬೆಳಗಿನ ಟಿವಿಯ ಹನುಮಂತ.

ಕೊನೆಗೆ ಜಪಾನಿನ ಹೆಂಗಸರದ್ದು. ಪಟ್ಟಿಯಲ್ಲಿ ಇರಲಿಲ್ಲ, ಸುಮ್ಮನೆ ಹಾಕಿದ್ದು. 1985ರ ಆಗಸ್ಟ್ 28, ಒಸಾಕಾ. ಒಂದು ಕಡೆ ಚಿಗುಸಾ ನಗಾಯೋ, ಶಾಲೆಯ ಹುಡುಗಿಯರ ಕಣ್ಮಣಿ. ಇನ್ನೊಂದು ಕಡೆ ಡಂಪ್ ಮಟ್ಸುಮೊಟೊ: ದೊಡ್ಡ ಮೈ, ಮುಖಕ್ಕೆ ಬಣ್ಣ, ಕೈಯಲ್ಲಿ ಸರಪಳಿ. ಸೋತವಳ ತಲೆ ಬೋಳು. ಡಂಪ್ ಬಂದದ್ದೇ ಮಾವ ನೆಟ್ಟಗೆ ಕೂತರು. ನಾಲ್ಕು ದೇಶ ಸುತ್ತಿ ಕೊನೆಗೆ ಅವರಿಗೆ ಸರಿಯಾದ ಬಣ್ಣದ ವೇಷ ಸಿಕ್ಕಿತ್ತು.

ಪಂದ್ಯ ಮುಗಿಯುತ್ತಾ ಬಂದಾಗ ಮಳೆ ನಿಂತಿತು. ಶೀಟು ಒಮ್ಮೆಲೇ ಸುಮ್ಮನಾಯಿತು, ಟಿವಿಯ ವಾಲ್ಯೂಮ್ ಏರಿಸಿಯೇ ಇತ್ತು. ಚಿಗುಸಾ ಸೋತಿದ್ದಳು, ರಿಂಗಿನಲ್ಲಿ ಅವಳ ಕೂದಲು ಕತ್ತರಿಸುತ್ತಿದ್ದರು, ಸಾವಿರಾರು ಹುಡುಗಿಯರು ಅಳುತ್ತಿದ್ದರು. ಕೂಗುವುದಲ್ಲ, ಅಳುವುದು, ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿಕೊಂಡು ಇಡೀ ಹಾಲು ತುಂಬಿದ ಅಳು. ಕೆಳಗಿನಿಂದ ಹೆಂಡತಿ ಓಡಿ ಬಂದಳು, ಯಾರಿಗೇನಾಯಿತೆಂದು. ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. ಮಾವನ ಬೆರಳು ಮೊಣಕಾಲ ಮೇಲೆ ನಿಧಾನ ಆಡುತ್ತಿತ್ತು.

"ಮುಂದೆಂತ ಆಯ್ತ್?" ಎಂದು ಕೇಳಿದರು.

ಮರುವರ್ಷ ಅದೇ ಒಸಾಕಾದಲ್ಲಿ ಇಬ್ಬರೂ ಇನ್ನೊಮ್ಮೆ ಕೂದಲು ಪಣ ಇಟ್ಟಿದ್ದಾರೆ ಎಂದೆ. ಗೆದ್ದದ್ದು ಯಾರೆಂದು ಹೇಳಹೊರಟರೆ ಕೈ ಅಡ್ಡ ಹಿಡಿದರು. ಹುಡುಕಿ ಹಾಕುವಷ್ಟರಲ್ಲಿ ಶೀಟಿನ ಮೇಲೆ ನಾಲ್ಕು ಹನಿ ಬಿತ್ತು, ಆಮೇಲೆ ಧೋ ಎಂದು ಸುರಿಯಿತು. ಮಾವ ಎದ್ದು ಟಿವಿ ಆರಿಸಿದರು.

"ಮಳಿ ಬಿಡ್ಲಿ. ಆಮೇಲ್ ಕಾಂಬ."