ಚಳಿಯ ಲಗೂನಿಗೆ ಕಾರ್ಕಿ ಫ್ಯಾಟ್ ಬಾಯ್: ಕಾಯಲು ಬಲ್ಲವರಿಗೆ ಮಾತ್ರ

ಟೆಕ್ಸಾಸ್‌ನ ಲಗೂನಾ ಮಾದ್ರೆ ಎಂಬ ಕರಾವಳಿಯ ಉಪ್ಪುನೀರಿನ ಲಗೂನಿನಲ್ಲಿ (ಹಿನ್ನೀರಿನಲ್ಲಿ) ಜನವರಿ, ಫೆಬ್ರವರಿಯಲ್ಲಿ ದೊಡ್ಡ ಚುಕ್ಕೆ ಟ್ರೌಟ್ ಮೀನು ಹುಡುಕಿ ನೀರಿಗಿಳಿಯುವವರ ಪೆಟ್ಟಿಗೆಯಲ್ಲಿ ಕಾರ್ಕಿ ಫ್ಯಾಟ್ ಬಾಯ್ ಎಂಬ ಈ ಲೂರ್ (ಮೀನಿನಂತೆ ಕಾಣುವ ಕೃತಕ ಎರೆ) ಇದ್ದೇ ಇರುತ್ತದೆ. ಮೊದಲು ಹ್ಯೂಸ್ಟನ್‌ನ ಪಾಲ್ ಬ್ರೌನ್ ತಯಾರಿಸುತ್ತಿದ್ದದ್ದು, ಈಗ ಮಿರೋಲೂರ್ ಹೆಸರಿನಲ್ಲಿ ಬರುತ್ತಿದೆ. ಉದ್ದ ಮೂರು ಇಂಚಿಗಿಂತ ಚೂರು ಹೆಚ್ಚು, ದಪ್ಪ ಹೊಟ್ಟೆ, ಎರಡು ಮುಮ್ಮೊನೆ ಕೊಕ್ಕೆ. ಹೊರಗೆ ಮೆದು ಪ್ಲಾಸ್ಟಿಕ್ ಚರ್ಮ, ಒಳಗೆ ತೇಲುವ ತಿರುಳು, ಅದರ ನಡುವೆ ಬಗ್ಗುವ ತಂತಿ. ಕೊಡುವ ದುಡ್ಡೆಲ್ಲ ಆ ತಂತಿಗೇ.

ಈ ಲಗೂನಿನ ಸರಾಸರಿ ಆಳ ಸುಮಾರು 1 ಮೀಟರ್. ಉತ್ತರದ ಗಾಳಿ ಬೀಸಿದರೆ ಒಂದೇ ರಾತ್ರಿಯಲ್ಲಿ ನೀರು ತಣ್ಣಗಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಟ್ರೌಟ್ ಮಂಕಾಗುತ್ತದೆ, 7ರ ಆಸುಪಾಸಿನಲ್ಲಿ ಸಾಯತೊಡಗುತ್ತದೆ. 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಾಸ್ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನು ಸತ್ತವು. ಹೀಗೆ ಮರಗಟ್ಟಿದ ಮೀನು ಬೆನ್ನಟ್ಟಿ ಬರುವುದಿಲ್ಲ. ಮೂತಿಯ ಮುಂದೆ ಬಹಳ ಹೊತ್ತು ನಿಂತ, ಟ್ರೌಟ್ ತಿನ್ನುವ ಮಲೆಟ್ ಮೀನಿನ ಮರಿಯಂಥದ್ದನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ. ಫ್ಯಾಟ್ ಬಾಯ್ ಹಾಗೆ ನಿಲ್ಲುತ್ತದೆ, ಮುಳುಗಿದರೂ ತೀರಾ ನಿಧಾನ.

ಪ್ಯಾಕೆಟ್ಟಿನಿಂದ ತೆಗೆದ ಕೂಡಲೇ ದೂರಕ್ಕೆ ಎಸೆಯಬೇಡಿ. ಕಾಲ ಬಳಿಯೇ ನೀರಿಗೆ ಬಿಟ್ಟು, ಒಂದು ಗೇಣು ಇಳಿಯಲು ಎಷ್ಟು ಎಣಿಕೆ ಬೇಕಾಯಿತು ನೋಡಿ. ಉಪ್ಪು ಹೆಚ್ಚಿದಷ್ಟೂ ಲೂರ್ ತೇಲುತ್ತದೆ. ಲಗೂನಾ ಮಾದ್ರೆಯ ನೀರು ಎಷ್ಟೋ ಸಲ ಸಮುದ್ರಕ್ಕಿಂತ ಉಪ್ಪು. ಮಳೆಯ ನೀರು ಸೇರಿದ ಕೊಲ್ಲಿಯಲ್ಲಿ ಸರಿಯಾಗಿ ಇಳಿದ ಅದೇ ಲೂರ್ ಇಲ್ಲಿ ಅಲ್ಲಾಡದೆ ನಿಂತುಬಿಡಬಹುದು. ಆಗ ಮುಂದಿನ ಕೊಕ್ಕೆಯ ಕಾಂಡಕ್ಕೆ ಎರಡು ಸುತ್ತು ಸೀಸದ ತಂತಿ ಸುತ್ತಿ.

ಇನ್ನು ಬಗ್ಗಿಸುವುದು. ಮೂಗು, ಬಾಲ ಎರಡನ್ನೂ ತುಸು ಮೇಲಕ್ಕೆತ್ತಿದರೆ ಎಳೆದಾಗ ಮೇಲಕ್ಕೇಳುತ್ತದೆ, ಮೊಣಕಾಲುದ್ದ ನೀರಿನ ಹುಲ್ಲಿನ ಮೇಲೆ ಇದೇ ಸರಿ. ಎರಡನ್ನೂ ಕೆಳಕ್ಕೆ ಬಗ್ಗಿಸಿದರೆ ಆಳಕ್ಕೆ ಹೋಗುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ಪಕ್ಕಕ್ಕೆ ಸೊಟ್ಟಗಾದರೆ ಎಳೆದಾಗ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ, ಆದ್ದರಿಂದ ಪ್ರತಿ ಮೀನಿನ ನಂತರ ಮುಂದಿನಿಂದ ಕಣ್ಣಳತೆಯಲ್ಲಿ ನೋಡಿ ನೆಟ್ಟಗೆ ಮಾಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಯಾವ ತಂತಿಯಾದರೂ ತುಂಡಾಗುತ್ತದೆ. ಮೇಲೆ ಓಡಿಸಲು ಒಂದು, ಕೆಳಗೆ ಓಡಿಸಲು ಒಂದು ಅಂತ ಎರಡು ಇಟ್ಟುಕೊಳ್ಳುವುದು ಜಾಣತನ.

15 ಪೌಂಡ್ ಭಾರ ತಾಳುವ ಹೆಣೆದ ದಾರ, ಮುಂದೆ ಎರಡು ಅಡಿ 20 ಪೌಂಡ್ ಫ್ಲೋರೋಕಾರ್ಬನ್ (ನೀರಿನಲ್ಲಿ ಅಷ್ಟಾಗಿ ಕಾಣದ ಪ್ಲಾಸ್ಟಿಕ್ ಎಳೆ), ಲೂರಿಗೆ ಕುಣಿಕೆ ಗಂಟು. ಗಂಟನ್ನು ಬಿಗಿಯಾಗಿ ಕೂರಿಸಿದರೆ ಲೂರಿನ ಓಲಾಟ ಸತ್ತುಹೋಗುತ್ತದೆ. ಕೋಲಿನ ತುದಿಯಿಂದ ಎರಡು ಸಣ್ಣ ಜಗ್ಗು, ಆಮೇಲೆ ಐದರಿಂದ ಹತ್ತು ಸೆಕೆಂಡ್ ಬಿಡಿ. ದಾರ ಸಡಿಲವೇ ಇರಲಿ, ಆದರೆ ಕಣ್ಣು ಅದರ ಮೇಲಿರಲಿ. ಚಳಿಯಲ್ಲಿ ಮೀನು ಕಚ್ಚಿದ್ದು ಏಟಿನ ಹಾಗೆ ತಿಳಿಯುವುದಿಲ್ಲ. ಒದ್ದೆ ಹುಲ್ಲು ಸಿಕ್ಕಿದ ಭಾರ, ಇಲ್ಲವೇ ದಾರ ಒಂದು ಬೆರಳಷ್ಟು ಪಕ್ಕಕ್ಕೆ ಸರಿದದ್ದು, ಅಷ್ಟೇ. ಗಾಳಿ ನಿಂತ ಎರಡನೇ, ಮೂರನೇ ದಿನದ ಮಧ್ಯಾಹ್ನ, ಬಿಸಿಲಿಗೆ ಬೇಗ ಕಾಯುವ ಕಪ್ಪು ಕೆಸರಿನ ಮೇಲೆ ಮಲೆಟ್ ಕದಲುತ್ತಿದ್ದರೆ ಅಲ್ಲಿಂದ ಹೆಜ್ಜೆ ಕೀಳಬೇಡಿ.

ಕೊರತೆಗಳೂ ಇವೆ. ಕಳಚಿ ತೇಲುವ ಹುಲ್ಲು ಹೆಚ್ಚಿದ್ದ ದಿನ ಎರಡು ಮುಮ್ಮೊನೆಗಳು ಬರೀ ಹುಲ್ಲನ್ನೇ ತರುತ್ತವೆ. ಒಂಟಿ ಕೊಕ್ಕೆ ಹಾಕಬಹುದು, ಆದರೆ ತೂಕ ಬದಲಾಗುವುದರಿಂದ ಮುಳುಗುವ ವೇಗವನ್ನು ಮತ್ತೆ ನೋಡಿ ಹೊಂದಿಸಬೇಕು. ಮೆದು ಚರ್ಮಕ್ಕೆ ಹಲ್ಲು ತಾಗಿದರೆ ಸೀಳುತ್ತದೆ. ಎದುರುಗಾಳಿಗೆ ದೂರ ಹೋಗುವುದಿಲ್ಲ. ಒಂದೇ ಸಮ ಸುತ್ತಿ ಎಳೆಯುವುದು ಅಭ್ಯಾಸವಾಗಿದ್ದರೆ ಇದನ್ನು ಕೊಳ್ಳಬೇಡಿ, ಜಿಗ್ ತಲೆಗೆ (ತೂಕದ ಗುಂಡು ಕೂರಿಸಿದ ಕೊಕ್ಕೆಗೆ) ಮೆದು ಪ್ಲಾಸ್ಟಿಕ್ ಬಾಲ ಸಿಕ್ಕಿಸಿದ್ದೇ ಸಾಕು, ಬೆಲೆಯೂ ಕಡಿಮೆ. ನೀರು 18 ಡಿಗ್ರಿ ದಾಟಿ ಮೀನು ಚುರುಕಾದ ಮೇಲೂ ಇದನ್ನು ಪೆಟ್ಟಿಗೆಯಲ್ಲಿಡಿ, ಕೊಕ್ಕೆಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ.